ಫ್ರಾಯ್ಡ್ ಬರೆದ ಕಾಗದಗಳು ಯಾರ ಮನೆಯಲ್ಲಿ ಉಳಿದವು?

(ಉಪನ್ಯಾಸದ ಬರಹ ರೂಪ)

1885ರ ಏಪ್ರಿಲ್ 28ರಂದು ವಿಯೆನ್ನಾದ ಇಪ್ಪತ್ತೆಂಟು ವರ್ಷದ ವೈದ್ಯರೊಬ್ಬರು ತಮಗೆ ನಿಶ್ಚಯವಾಗಿದ್ದ ಮಾರ್ಥಾ ಬರ್ನೈಸ್ ಅವರಿಗೆ ಒಂದು ಕಾಗದ ಬರೆದರು. ಕಳೆದ ಹದಿನಾಲ್ಕು ವರ್ಷಗಳ ಟಿಪ್ಪಣಿಗಳು, ಬಂದ ಪತ್ರಗಳು, ವೈಜ್ಞಾನಿಕ ಬರಹಗಳ ಹಸ್ತಪ್ರತಿಗಳು ಎಲ್ಲವನ್ನೂ ನಾಶಮಾಡಿ ಮುಗಿಸಿದ್ದೇನೆ, ಮನೆಯವರ ಪತ್ರಗಳನ್ನಷ್ಟೇ ಉಳಿಸಿಕೊಂಡಿದ್ದೇನೆ ಎಂಬುದು ಅದರ ಸಾರಾಂಶ. ಇದರಿಂದ ಇನ್ನೂ ಹುಟ್ಟಿರದ ಕೆಲವು ನತದೃಷ್ಟರು ಮುಂದೆ ಕಷ್ಟಪಡುತ್ತಾರೆ, ಅವರು ತನ್ನ ಜೀವನಚರಿತ್ರೆಕಾರರು, ಅವರ ಕೆಲಸವನ್ನು ಸಲೀಸು ಮಾಡಿಕೊಡುವ ಇರಾದೆ ತನಗಿಲ್ಲ ಎಂದೂ ಅದರಲ್ಲಿ ಬರೆದಿದ್ದರು. ಆ ಹೊತ್ತಿಗೆ ಸಿಗ್ಮಂಡ್ ಫ್ರಾಯ್ಡ್ ಅವರ ಹೆಸರನ್ನು ಅವರ ಆಸ್ಪತ್ರೆ, ಪ್ರಯೋಗಾಲಯಗಳ ಹೊರಗೆ ಕೇಳಿದವರು ಕಡಿಮೆ. ರೋಗಿಯನ್ನು ಮಾತಾಡಿಸಿ ಮನಸ್ಸಿನ ಆಳದ ಬೇನೆಯನ್ನು ಬಿಡಿಸಿ ನೋಡುವ, ಮುಂದೆ ಅವರು ಕಟ್ಟಿದ ಪದ್ಧತಿಯ ಹೆಸರಾದ ಮನೋವಿಶ್ಲೇಷಣೆ ಎಂಬ ಶಬ್ದವೂ ಬಳಕೆಗೆ ಬಂದಿರಲಿಲ್ಲ. ಜೀವನಚರಿತ್ರೆಕಾರರನ್ನು ಅವರು ತಮ್ಮ ಸಾಧನೆಗಿಂತ ಮೊದಲೇ ಸೃಷ್ಟಿಸಿಕೊಂಡಿದ್ದರು ಎಂದರೆ ತಪ್ಪಾಗಲಾರದು.

ಆದರೆ ಎಲ್ಲವನ್ನೂ ಸುಟ್ಟೆ ಎಂದು ಹೇಳುವ ಆ ಕಾಗದ ಮಾತ್ರ ಸುಡದೆ ಉಳಿದಿದೆ. ಕಾರಣ ಸರಳ: ಅದು ಬರೆದವರ ಬಳಿ ಇರಲಿಲ್ಲ, ಓದಿದವರ ಬಳಿ ಇತ್ತು. ಇಂದಿನ ನನ್ನ ಮಾತು ಬಹುಮಟ್ಟಿಗೆ ಈ ಒಂದು ಸಂಗತಿಯ ಸುತ್ತಲೇ ಇರುತ್ತದೆ. ನಮ್ಮ ಮೇಜಿನ ಖಾನೆಯಲ್ಲಿ ಇರುವುದು ನಾವು ಬರೆದ ಕಾಗದಗಳಲ್ಲ, ನಮಗೆ ಬಂದ ಕಾಗದಗಳು. ಹೀಗಾಗಿ ಪತ್ರಗಳನ್ನು ಸುಟ್ಟು ತನ್ನನ್ನು ಮರೆಮಾಡಿಕೊಳ್ಳಲು ಹೊರಟ ಮನುಷ್ಯನ ಕೈಯಲ್ಲಿ ನಿಜವಾಗಿ ಸುಡುವುದು ಇತರರ ಮಾತು. ಫ್ರಾಯ್ಡ್ ಅವರ ಪತ್ರಾಗಾರದ ಕಥೆಯನ್ನು ಸಾಮಾನ್ಯವಾಗಿ ಅವರ ಗುಟ್ಟುಗಳನ್ನು ಯಾರು ಬಚ್ಚಿಟ್ಟರು, ಯಾರು ಬಯಲು ಮಾಡಿದರು ಎಂಬ ಪತ್ತೇದಾರಿಯಂತೆ ಹೇಳುವುದುಂಟು. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವ ಪ್ರಶ್ನೆ ಬೇರೆ. ಈ ಪತ್ರವ್ಯವಹಾರಗಳಲ್ಲಿ ಯಾರ ಧ್ವನಿ ನಮ್ಮವರೆಗೆ ಬಂದಿದೆ, ಯಾರದು ಬಂದಿಲ್ಲ?

ಇದಕ್ಕೆ ದೊಡ್ಡ ನಿದರ್ಶನ ವಿಲ್ಹೆಲ್ಮ್ ಫ್ಲೀಸ್ ಅವರಿಗೆ ಬರೆದ ಪತ್ರಗಳು. ಫ್ಲೀಸ್ ಬರ್ಲಿನ್ನಿನ ಕಿವಿ, ಮೂಗು, ಗಂಟಲಿನ ವೈದ್ಯರು. 1887ರಿಂದ 1904ರವರೆಗೆ, ಅಂದರೆ ಮನೋವಿಶ್ಲೇಷಣೆ ರೂಪುಗೊಂಡ ವರ್ಷಗಳಲ್ಲೇ, ಫ್ರಾಯ್ಡ್ ತಮ್ಮ ಕರಡು ಆಲೋಚನೆಗಳನ್ನೂ ರೋಗಿಗಳ ಕಥೆಗಳನ್ನೂ ಹೃದಯದ ಬೇನೆಯನ್ನೂ ಸಿಗಾರು ಬಿಡಲಾಗದ ಸಂಕಟವನ್ನೂ ಹಣದ ತಾಪತ್ರಯವನ್ನೂ ಮೊದಲು ಹೇಳಿಕೊಳ್ಳುತ್ತಿದ್ದುದು ಇವರಲ್ಲಿ. ಸ್ನೇಹ 1900ರ ಹೊತ್ತಿಗೆ ಹಳಸಿತು; ಪ್ರತಿಯೊಬ್ಬರಲ್ಲೂ ಗಂಡು ಹೆಣ್ಣು ಎರಡರ ಅಂಶವೂ ಇದೆ ಎಂಬ ದ್ವಿಲಿಂಗತ್ವದ ಕಲ್ಪನೆ ಮೊದಲು ಯಾರದು, ಅದು ಮೂರನೆಯವರ ಕೈಗೆ ಸೇರಿದ್ದು ಯಾರ ಮೂಲಕ ಎಂಬ ಜಗಳದಲ್ಲಿ 1904ರಲ್ಲಿ ಪೂರ್ಣ ಮುರಿದುಬಿತ್ತು. ಫ್ಲೀಸ್ 1928ರಲ್ಲಿ ತೀರಿಕೊಂಡರು. ಅವರ ಪತ್ನಿ ಈಡಾ ಪತ್ರಗಳನ್ನು ರೈನ್‌ಹೋಲ್ಡ್ ಸ್ಟಾಲ್ ಎಂಬ ಪುಸ್ತಕ ವ್ಯಾಪಾರಿಗೆ ಮಾರಿದರು. ಇವು ಫ್ರಾಯ್ಡ್ ಅವರ ಕೈಗೆ ಮಾತ್ರ ಹೋಗಕೂಡದು ಎಂಬುದು ಆಕೆಯ ಷರತ್ತು, ಏಕೆಂದರೆ ಹೋದರೆ ಬೂದಿಯಾಗುತ್ತವೆ ಎಂಬ ಅನುಮಾನ ಆಕೆಗಿತ್ತು. ಆ ಅನುಮಾನ ಎಷ್ಟು ಸರಿಯಾಗಿತ್ತು ಎಂಬುದು ಮುಂದೆ ತಿಳಿಯಿತು.

1936ರ ಕೊನೆಯಲ್ಲಿ ಸ್ಟಾಲ್ ಪ್ಯಾರಿಸ್ಸಿನಲ್ಲಿ ಮರೀ ಬೊನಪಾರ್ಟ್ ಅವರನ್ನು ಕಂಡರು. ಈಕೆ ಗ್ರೀಸ್ ಮತ್ತು ಡೆನ್ಮಾರ್ಕಿನ ರಾಜಕುಮಾರಿ, ನೆಪೋಲಿಯನ್ ವಂಶದವರು, ಸ್ವತಃ ಮನೋವಿಶ್ಲೇಷಕಿ, ಫ್ರಾಯ್ಡ್ ಅವರ ಶಿಷ್ಯೆ. ಸ್ಟಾಲ್ ಬಳಿ ಸುಮಾರು 250 ಪತ್ರಗಳೂ ದೀರ್ಘವಾದ ಸೈದ್ಧಾಂತಿಕ ಕರಡುಗಳೂ ಇದ್ದವು. ಕೇಳಿದ ಬೆಲೆ ನೂರು ಪೌಂಡು. ಅಮೆರಿಕದಿಂದ ಇದಕ್ಕಿಂತ ಹೆಚ್ಚಿನ ಬೆಲೆಗೆ ಕೇಳಿಕೆ ಬಂದಿದ್ದರೂ ಅವು ಯುರೋಪಿನಲ್ಲೇ ಉಳಿಯಲೆಂದು ಮೊದಲು ಈಕೆಯಲ್ಲಿಗೆ ಬಂದಿದ್ದಾಗಿ ಸ್ಟಾಲ್ ಹೇಳಿದರು. ಬೊನಪಾರ್ಟ್ ಸುದ್ದಿಯನ್ನು ಕೂಡಲೇ ಗುರುಗಳಿಗೆ ತಿಳಿಸಿದರು. 1937ರ ಜನವರಿ 3ರಂದು ಬಂದ ಉತ್ತರದಲ್ಲಿ ಫ್ರಾಯ್ಡ್ ಅವರ ಕಳವಳ ಮುಚ್ಚುಮರೆಯಿಲ್ಲದೆ ಕಾಣುತ್ತದೆ. ಆ ಪತ್ರಗಳು ಅತ್ಯಂತ ಖಾಸಗಿಯಾದವು, ಅವುಗಳಲ್ಲಿ ಒಂದೂ ಮುಂದಿನ ಪೀಳಿಗೆಯ ಕಣ್ಣಿಗೆ ಬೀಳಬಾರದು ಎಂದು ಬರೆದು, ಖರೀದಿಯ ಅರ್ಧ ಹಣವನ್ನು ತಾವು ಕೊಡುವುದಾಗಿಯೂ ಹೇಳಿದರು. ಆಕೆ ಒಪ್ಪಲಿಲ್ಲ. ಅರ್ಧ ಹಣ ಪಡೆದರೆ ಅರ್ಧ ಹಕ್ಕನ್ನೂ ಕೊಡಬೇಕಾಗುತ್ತದೆ ಎಂಬುದು ಆಕೆಗೆ ಚೆನ್ನಾಗಿ ಗೊತ್ತಿತ್ತು.

ನವಿಲಿನ ಚಟಾಕಿ ಹುಟ್ಟಿದ್ದು ಇದೇ ಸಂದರ್ಭದಲ್ಲಿ. ನವಿಲಿನ ಮಾಂಸ ಬೇಯಿಸುವುದು ಹೇಗೆ? ಮೊದಲು ಒಂದು ವಾರ ಮಣ್ಣಿನಲ್ಲಿ ಹೂತಿಡಬೇಕು, ಆಮೇಲೆ ಅಗೆದು ತೆಗೆಯಬೇಕು. ಆಮೇಲೆ? ಆಮೇಲೆ ಬಿಸಾಡಬೇಕು! ತಮ್ಮ ಪತ್ರಗಳಿಗೂ ಇದೇ ಉಪಚಾರ ಆಗಲಿ ಎಂಬುದು ಫ್ರಾಯ್ಡ್ ಅವರ ಇಂಗಿತ. ಬೊನಪಾರ್ಟ್ ನಗಲಿಲ್ಲವೆಂದೇ ತೋರುತ್ತದೆ. ನೀವು ಪ್ಲೇಟೋ, ಗಯಟೆ ಅವರಂತೆ ಮನುಷ್ಯ ಚಿಂತನೆಯ ಇತಿಹಾಸಕ್ಕೆ ಸೇರಿದವರು, ಸಾಕ್ರಟೀಸನ ಮಾನ ಕಾಪಾಡಬೇಕೆಂದು ಯಾರಾದರೂ ಪ್ಲೇಟೋನ ಸಂವಾದಗಳನ್ನು ನಾಶಮಾಡಿದ್ದರೆ ನಮಗೆ ಏನು ಉಳಿಯುತ್ತಿತ್ತು ಎಂದು ವಾದಿಸಿದರು. ಬೇಕಿದ್ದರೆ ಎಂಬತ್ತು ಅಥವಾ ನೂರು ವರ್ಷ ಯಾರೂ ತೆರೆಯದಂತೆ ಒಂದು ಗ್ರಂಥಾಲಯದಲ್ಲಿ ಇಡೋಣ ಎಂದೂ ಸೂಚಿಸಿದರು. ಗುರುವಿನ ಮಾತನ್ನು ಮೀರಿದ ಈ ಶಿಷ್ಯೆಯ ಹಟ ಇಲ್ಲದಿದ್ದರೆ ಇಂದು ಮಾತಾಡಲು ನನಗೆ ವಿಷಯವೇ ಇರುತ್ತಿರಲಿಲ್ಲ.

ಆಮೇಲಿನ ಘಟನೆಗಳು ಗೊತ್ತಿರುವಂಥವೇ, ಬೇಗ ಹೇಳಿ ಮುಂದೆ ಹೋಗುತ್ತೇನೆ. ಆಕೆ ಪತ್ರಗಳನ್ನು ವಿಯೆನ್ನಾದ ರಾತ್‌ಚೈಲ್ಡ್ ಬ್ಯಾಂಕಿನಲ್ಲಿ ಇಟ್ಟಿದ್ದರು. 1938ರ ಮಾರ್ಚಿನಲ್ಲಿ ನಾಜಿಗಳು ಆಸ್ಟ್ರಿಯಾವನ್ನು ನುಂಗಿದಾಗ ಯಹೂದಿ ಬ್ಯಾಂಕು ಯಾವುದಕ್ಕೂ ಭದ್ರವಾದ ಜಾಗವಾಗಿ ಉಳಿಯಲಿಲ್ಲ. ಗೆಸ್ಟಾಪೋ ಪೊಲೀಸರ ಎದುರಿನಲ್ಲೇ, ರಾಜಕುಮಾರಿಯೆಂಬ ಅಂತಸ್ತಿನ ಬಲದಿಂದ, ಆಕೆ ಅವುಗಳನ್ನು ಬಿಡಿಸಿಕೊಂಡು ಹೊರಬಂದರು. ಯುದ್ಧದ ನಡುವೆ 1941ರಲ್ಲಿ ಪ್ಯಾರಿಸ್ ಬಿಡುವಾಗ ಡೆನ್ಮಾರ್ಕಿನ ರಾಯಭಾರ ಕಚೇರಿಯಲ್ಲಿ ಒಪ್ಪಿಸಿದರು. ಕೊನೆಗೆ ಆ ಕಟ್ಟು ಸಿಡಿಗುಂಡುಗಳಿಂದ ತುಂಬಿದ್ದ ಇಂಗ್ಲಿಷ್ ಕಾಲುವೆ ದಾಟಿ ಲಂಡನ್ನಿಗೆ ಬಂದಾಗ, ಹಡಗು ಮುಳುಗಿದರೂ ಪತ್ರಗಳು ತೇಲಲಿ ಎಂದು ನೀರು ತಾಗದ, ನೀರಿನಲ್ಲಿ ಮುಳುಗದ ಹೊದಿಕೆಯಲ್ಲಿ ಸುತ್ತಲಾಗಿತ್ತು.

ಇಷ್ಟೆಲ್ಲ ಅಪಾಯ ದಾಟಿ ಬಂದ ಪತ್ರಗಳಿಗೆ ಕತ್ತರಿ ಬಿದ್ದದ್ದು ಲಂಡನ್ನಿನಲ್ಲಿ, ಪ್ರೀತಿಯುಳ್ಳವರ ಕೈಯಿಂದಲೇ. ಬೊನಪಾರ್ಟ್, ಫ್ರಾಯ್ಡ್ ಅವರ ಮಗಳು ಆನಾ ಫ್ರಾಯ್ಡ್ ಮತ್ತು ವಿಶ್ಲೇಷಕ ಅರ್ನ್ಸ್ಟ್ ಕ್ರಿಸ್ ಸಂಪಾದಿಸಿದ ಜರ್ಮನ್ ಆವೃತ್ತಿ 1950ರಲ್ಲಿ ಬಂತು. ಇದ್ದ 284 ಪತ್ರಗಳಲ್ಲಿ ಅಚ್ಚಾದವು 168. ಅಚ್ಚಾದವುಗಳಲ್ಲೂ ಹಲವು ಕಡೆ ಸಾಲುಗಳು ಮಾಯವಾಗಿದ್ದವು. ರೋಗಿಗಳ ಗುರುತು ಬಯಲಾಗಬಾರದು, ಮನೆಯ ಮಾತು ಬೀದಿಗೆ ಬರಬಾರದು ಎಂಬ ಸಂಪಾದಕರ ಕಾರಣಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಬಿಟ್ಟದ್ದನ್ನು ಇಟ್ಟದ್ದರ ಪಕ್ಕದಲ್ಲಿಟ್ಟು ನೋಡಿದರೆ ಆ ಕಾರಣಗಳು ಎಲ್ಲ ಕಡೆಗೂ ಹೊಂದುವುದಿಲ್ಲ.

ಎರಡು ಉದಾಹರಣೆಗಳನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 1897ರ ಸೆಪ್ಟೆಂಬರ್ 21ರ ಪತ್ರ ಮನೋವಿಶ್ಲೇಷಣೆಯ ಇತಿಹಾಸದಲ್ಲೇ ಅತ್ಯಂತ ಪ್ರಸಿದ್ಧವಾದದ್ದು. ಬಾಲ್ಯದಲ್ಲಿ ನಡೆದ ಲೈಂಗಿಕ ಅತ್ಯಾಚಾರವೇ ಹಿಸ್ಟೀರಿಯಾದ, ಅಂದರೆ ದೇಹದಲ್ಲಿ ಕಾರಣ ಸಿಗದೆ ದೇಹದಲ್ಲೇ ಕಾಣಿಸಿಕೊಳ್ಳುವ ಮನೋಬೇನೆಯ, ಮೂಲ ಎಂಬ ತಮ್ಮ ಸಿದ್ಧಾಂತವನ್ನು ಇನ್ನು ನಂಬಲಾರೆ ಎಂದು ಫ್ರಾಯ್ಡ್ ಅದರಲ್ಲಿ ಬರೆದು ಕಾರಣಗಳನ್ನು ಪಟ್ಟಿಮಾಡುತ್ತಾರೆ. ಹಾಗೆ ನಂಬಿದರೆ ಪ್ರತಿಯೊಂದು ಪ್ರಕರಣದಲ್ಲೂ ತಂದೆಯನ್ನೇ ವಿಕೃತನೆಂದು ದೂಷಿಸಬೇಕಾಗುತ್ತದೆ ಎಂಬುದು ಒಂದು ಕಾರಣ. ಮೂಲ ಪತ್ರದಲ್ಲಿ ಅಲ್ಲಿಯೇ, ನನ್ನ ತಂದೆಯೂ ಇದಕ್ಕೆ ಹೊರತಲ್ಲ ಎಂಬರ್ಥದ ನಾಲ್ಕೇ ಪದಗಳಿವೆ. 1950ರ ಆವೃತ್ತಿಯಲ್ಲಿ ಅವು ಇಲ್ಲ. ತಂದೆ ಯಾಕೋಬ್ ತೀರಿಕೊಂಡು ಆಗ ಒಂದು ವರ್ಷವೂ ಆಗಿರಲಿಲ್ಲ. ಇನ್ನು ಮೂರೂವರೆ ವಾರ ಕಳೆದರೆ, ಅಕ್ಟೋಬರ್ 15ರ ಪತ್ರದಲ್ಲಿ, ತಿಳಿಯದೆ ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾದ ಗ್ರೀಕ್ ದೊರೆ ಈಡಿಪಸ್‌ನ ಕಥೆ ಮೊದಲ ಸಲ ಕಾಣಿಸಿಕೊಳ್ಳುತ್ತದೆ. ಸ್ವಂತ ತಂದೆಯ ಬಗೆಗಿನ ಅನುಮಾನದಿಂದ ತಂದೆಯ ಮೇಲಿನ ಮಗುವಿನ ಅಸೂಯೆಗೆ ಆಲೋಚನೆ ಹೊರಳಿದ ಬಗೆಯನ್ನು ಅರ್ಥಮಾಡಿಕೊಳ್ಳಲು ಆ ನಾಲ್ಕು ಪದಗಳು ಬೇಕೇ ಬೇಕು. ಅವುಗಳಿಂದ ಯಾವ ರೋಗಿಯ ಗುರುತೂ ಬಯಲಾಗುತ್ತಿರಲಿಲ್ಲ.

ಎರಡನೆಯದು ಎಮ್ಮಾ ಎಕ್‌ಸ್ಟೈನ್ ಅವರ ಪ್ರಸಂಗ. ಈಕೆ ಫ್ರಾಯ್ಡ್ ಅವರ ರೋಗಿ. ಮೂಗಿಗೂ ಜನನಾಂಗಕ್ಕೂ ಸಂಬಂಧವಿದೆ ಎಂಬ ತಮ್ಮ ಸಿದ್ಧಾಂತವನ್ನು ಅನುಸರಿಸಿ ಫ್ಲೀಸ್ 1895ರ ಆರಂಭದಲ್ಲಿ ಈಕೆಯ ಮೂಗಿಗೆ ಶಸ್ತ್ರಚಿಕಿತ್ಸೆ ಮಾಡಿ ಬರ್ಲಿನ್ನಿಗೆ ಮರಳಿದ್ದರು. ಮಾರ್ಚ್ 8ರ ಪತ್ರದಲ್ಲಿ ಫ್ರಾಯ್ಡ್ ಮುಂದಿನ ಕಥೆ ಹೇಳುತ್ತಾರೆ. ಗಾಯ ಕೊಳೆತು ವಾಸನೆ ಬರುತ್ತಿತ್ತು, ರಕ್ತ ನಿಲ್ಲುತ್ತಿರಲಿಲ್ಲ. ಕರೆಸಿದ ಇನ್ನೊಬ್ಬ ವೈದ್ಯರು ಶುಚಿಮಾಡುತ್ತ ದಾರದಂತೆ ಕಂಡದ್ದನ್ನು ಹಿಡಿದು ಎಳೆದರು. ಯಾರೂ ಏನೂ ಯೋಚಿಸುವ ಮುನ್ನ ಅರ್ಧ ಮೀಟರಿನಷ್ಟು ಗಾಜ್ ಬಟ್ಟೆ ಹೊರಬಂತು. ಮರುಕ್ಷಣ ರಕ್ತ ಚಿಮ್ಮಿತು, ಆಕೆಯ ಮುಖ ಬಿಳಿಚಿಕೊಂಡಿತು, ನಾಡಿ ಸಿಗದಾಯಿತು. ಫ್ರಾಯ್ಡ್ ತಲೆ ಸುತ್ತಿ ಪಕ್ಕದ ಕೋಣೆಗೆ ಓಡಿಹೋದರು, ಬಾಟಲಿ ನೀರು ಕುಡಿದರು. ಕೊನೆಗೆ ಯಾರೋ ತಂದುಕೊಟ್ಟ ಸ್ವಲ್ಪ ಕಾನ್ಯಾಕ್‌ನಿಂದ ಚೇತರಿಸಿಕೊಂಡರು. ಅವರು ಕಾಲು ನಡುಗುತ್ತ ಹಿಂತಿರುಗಿದಾಗ, ಸಾವಿನ ಅಂಚಿನಿಂದ ಬಂದಿದ್ದ ಆ ಹೆಂಗಸು ಆಡಿದ ಮಾತು, ಇದೋ ಬಲಿಷ್ಠವಾದ ಗಂಡುಜಾತಿ ಎಂಬಂಥ ಒಂದು ಕುಟುಕು.

ತಮ್ಮ ಅಂಜಿಕೆಯನ್ನೂ ಆಕೆಯ ಕುಟುಕನ್ನೂ ಬಿಡದೆ ಬರೆದದ್ದು ಫ್ರಾಯ್ಡ್ ಅವರ ದೊಡ್ಡತನ. ಆದರೆ ತಪ್ಪು ಮಾಡಿದ ಸ್ನೇಹಿತನಿಗೆ ಬರೆಯುತ್ತಿರುವುದರಿಂದ, ಅದೇ ಪತ್ರದಲ್ಲಿ ಫ್ಲೀಸ್ ಅವರನ್ನು ಸಮಾಧಾನಪಡಿಸುವ ಕೆಲಸವೂ ನಡೆಯುತ್ತದೆ. ಮರುವರ್ಷದ ಹೊತ್ತಿಗೆ ಆ ಸಮಾಧಾನ ಒಂದು ಸಿದ್ಧಾಂತವೇ ಆಗಿ, ಎಮ್ಮಾ ಅವರ ರಕ್ತಸ್ರಾವ ಹಿಸ್ಟೀರಿಯಾದ್ದು, ಹಂಬಲದಿಂದ ಆದದ್ದು ಎಂದು ಫ್ರಾಯ್ಡ್ ಬರೆಯುತ್ತಾರೆ. ಒಬ್ಬ ವೈದ್ಯರ ಕೈತಪ್ಪು ರೋಗಿಯ ಮನಸ್ಸಿನ ತಪ್ಪಾಗಿ ಬದಲಾಗುವುದನ್ನು ತಿಂಗಳು ತಿಂಗಳಿಗೆ ನೋಡಬಹುದಾದ ಇಂಥ ದಾಖಲೆ ವೈದ್ಯಕೀಯದ ಇತಿಹಾಸದಲ್ಲಿ ಅಪರೂಪ. 1950ರ ಓದುಗರಿಗೆ ಇದು ಸಿಗಲಿಲ್ಲ. 1966ರಲ್ಲಿ ಫ್ರಾಯ್ಡ್ ಅವರ ಕೊನೆಗಾಲದ ವೈದ್ಯರಾಗಿದ್ದ ಮ್ಯಾಕ್ಸ್ ಶೂರ್ ಕೆಲವು ಭಾಗಗಳನ್ನು ಹೊರತಂದರು. ಪೂರ್ಣ ಪಾಠ ಬರಲು 1985ರವರೆಗೆ ಕಾಯಬೇಕಾಯಿತು.

ಈ ಕಾಯುವಿಕೆಗೆ ಹಿನ್ನೆಲೆಯಾಗಿ ಇನ್ನೊಂದು ಸಂಸ್ಥೆಯ ಕಥೆ ಹೇಳಬೇಕು. 1951ರಲ್ಲಿ ನ್ಯೂಯಾರ್ಕಿನಲ್ಲಿ ಸಿಗ್ಮಂಡ್ ಫ್ರಾಯ್ಡ್ ಆರ್ಕೈವ್ಸ್ ಹುಟ್ಟಿತು. ವಿಯೆನ್ನಾದಿಂದ ಬಂದಿದ್ದ ಕರ್ಟ್ ಐಸ್ಲರ್ ಅದರ ಕಾರ್ಯದರ್ಶಿಯಾಗಿ, ಫ್ರಾಯ್ಡ್ ಅವರನ್ನು ಬಲ್ಲವರು ಎಲ್ಲೆಲ್ಲಿ ಉಳಿದಿದ್ದರೋ ಅಲ್ಲಿಗೆಲ್ಲ ಹೋಗಿ, ಪತ್ರಗಳನ್ನು ಬೇಡಿ ತಂದು, ಮಾಜಿ ರೋಗಿಗಳ ಮತ್ತು ಬಂಧುಗಳ ನೆನಪುಗಳನ್ನು ದಾಖಲಿಸಿಕೊಂಡು, ಎಲ್ಲವನ್ನೂ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಇರಿಸುತ್ತ ಹೋದರು. ಜೊತೆಗೆ ಮೊಹರುಗಳನ್ನೂ ಹಾಕಿದರು. ಕೆಲವು ಕಾಗದಗಳ ಗಡುವು 22ನೇ ಶತಮಾನದವರೆಗೆ ಹೋಗುತ್ತಿತ್ತು. ಇದನ್ನು ನಗೆಪಾಟಲು ಮಾಡಿದವರು ಬಹಳ. ನನ್ನ ಅಭಿಪ್ರಾಯದಲ್ಲಿ ಐಸ್ಲರ್ ಅವರಿಗೆ ಸಲ್ಲಬೇಕಾದ ಕೃತಜ್ಞತೆ ಇನ್ನೂ ಪೂರ್ತಿ ಸಂದಿಲ್ಲ. ಇದು ನಿಮ್ಮ ಮೊಮ್ಮಕ್ಕಳ ಕಾಲದವರೆಗೂ ಹೊರಬರುವುದಿಲ್ಲ ಎಂಬ ಭರವಸೆ ಕೊಡದಿದ್ದರೆ ಎಷ್ಟೋ ಜನ ಬಾಯಿ ಬಿಡುತ್ತಿರಲಿಲ್ಲ, ಎಷ್ಟೋ ಕಟ್ಟುಗಳು ಒಲೆಗೆ ಹೋಗುತ್ತಿದ್ದವು.

ಆದರೂ ಮುಚ್ಚಿದ ಬಾಗಿಲಿಗೆ ಒಂದು ಬೆಲೆ ಇತ್ತು. ಮನೆಯವರ ಒಪ್ಪಿಗೆಯಿಂದ ಪತ್ರಗಳನ್ನು ನೋಡಿದ, ಫ್ರಾಯ್ಡ್ ಅವರ ಬ್ರಿಟಿಷ್ ಶಿಷ್ಯ ಅರ್ನೆಸ್ಟ್ ಜೋನ್ಸ್ 1953ರಿಂದ 1957ರವರೆಗೆ ಮೂರು ಸಂಪುಟಗಳ ಜೀವನಚರಿತ್ರೆ ಬರೆದರು. ಅದರಲ್ಲಿದ್ದುದನ್ನು ಒರೆಗೆ ಹಚ್ಚಲು ಬೇರೆಯವರ ಬಳಿ ಕಾಗದ ಇರಲಿಲ್ಲ. ಒಂದು ಸಣ್ಣ ಸಂಗತಿ: 1938ರ ಜೂನ್ 4ರಂದು ಆಸ್ಟ್ರಿಯಾ ಬಿಡುವ ಮುನ್ನ, ತಮ್ಮನ್ನು ಚೆನ್ನಾಗಿ ನಡೆಸಿಕೊಳ್ಳಲಾಗಿದೆ ಎಂಬ ಹೇಳಿಕೆಗೆ ಸಹಿ ಹಾಕಬೇಕಾದಾಗ, ಗೆಸ್ಟಾಪೋವನ್ನು ಎಲ್ಲರಿಗೂ ಹೃತ್ಪೂರ್ವಕವಾಗಿ ಶಿಫಾರಸು ಮಾಡುತ್ತೇನೆ ಎಂಬ ಸಾಲನ್ನು ಫ್ರಾಯ್ಡ್ ಸೇರಿಸಿದರು ಎಂಬ ಕಥೆ ಜಗತ್ತಿನ ತುಂಬ ಹರಡಿದೆ. ದಶಕಗಳ ನಂತರ ಆ ಸಹಿಯ ಕಾಗದ ಬೆಳಕಿಗೆ ಬಂದಾಗ ಅದರಲ್ಲಿ ಅಂಥ ಸಾಲು ಇರಲಿಲ್ಲ. ಮನೆಯಲ್ಲಿ ಯಾವಾಗಲೋ ಆಡಿದ ತಮಾಷೆ ಕಾಗದದ ಮೇಲೆ ಹತ್ತಿ ಕೂತಿರಬೇಕು.

ಆನಾ ಫ್ರಾಯ್ಡ್ ಅವರ ಒಪ್ಪಿಗೆ ಪಡೆದು ಫ್ಲೀಸ್ ಪತ್ರಗಳ ಪೂರ್ಣ ಆವೃತ್ತಿಯನ್ನು ಸಿದ್ಧಪಡಿಸುತ್ತಿದ್ದವರು ಜೆಫ್ರಿ ಮ್ಯಾಸನ್. ಸಂಸ್ಕೃತ ವಿದ್ವಾಂಸರಾಗಿದ್ದು ವಿಶ್ಲೇಷಕರಾದ ಇವರನ್ನು ಐಸ್ಲರ್ ಉತ್ತರಾಧಿಕಾರಿಯಂತೆ ಕಂಡಿದ್ದರು. ಫ್ರಾಯ್ಡ್ 1897ರಲ್ಲಿ ಅತ್ಯಾಚಾರದ ಸಿದ್ಧಾಂತವನ್ನು ಕೈಬಿಟ್ಟದ್ದು ಸಾಕ್ಷ್ಯವಿಲ್ಲದ್ದರಿಂದಲ್ಲ, ಧೈರ್ಯ ಸಾಲದ್ದರಿಂದ ಎಂದು ಮ್ಯಾಸನ್ ಬಹಿರಂಗವಾಗಿ ಹೇಳತೊಡಗಿದಾಗ 1981ರಲ್ಲಿ ಹುದ್ದೆ ಕಳೆದುಕೊಂಡರು. ಆ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ಪತ್ರಗಳನ್ನು ಸಾಲಾಗಿ ಓದಿದರೆ ಒಂದೇ ಕಾರಣದ ಮೇಲೆ ನಿಂತ ತೀರ್ಮಾನ ಕಾಣುವುದಿಲ್ಲ, ಫ್ರಾಯ್ಡ್ ಹಿಂದೆ ಮುಂದೆ ಜೀಕುವುದು ಕಾಣುತ್ತದೆ. ಆದರೆ ಹೀಗೆ ಸಾಲಾಗಿ ಓದುವ ಅವಕಾಶ ನಮಗೆ ಸಿಕ್ಕಿದ್ದು ಮ್ಯಾಸನ್ 1985ರಲ್ಲಿ ಪ್ರಕಟಿಸಿದ ಪೂರ್ಣ ಪಾಠದಿಂದಲೇ.

ಪೂರ್ಣ ಪಾಠ ಎಂಬ ಮಾತನ್ನು ಬಳಸಿದೆ. ಅದು ಪೂರ್ಣವಲ್ಲ. ಫ್ಲೀಸ್ ಹದಿನೇಳು ವರ್ಷ ಬರೆದ ಉತ್ತರಗಳು ಎಲ್ಲಿ? ಅವು ಫ್ರಾಯ್ಡ್ ಅವರ ಮನೆಯಲ್ಲಿದ್ದವು. ಈಡಾ ಫ್ಲೀಸ್ ಗಂಡನ ಪತ್ರಗಳನ್ನು ಕೇಳಿದಾಗ, ಅವನ್ನು ನಾಶಮಾಡಿದೆನೋ ಎಲ್ಲಾದರೂ ಜಾಣತನದಿಂದ ಬಚ್ಚಿಟ್ಟೆನೋ ನೆನಪಿಲ್ಲ ಎಂದು ಫ್ರಾಯ್ಡ್ ಹೇಳಿದರು. ಅವು ಸಿಗಲಿಲ್ಲ. ಪರಿಣಾಮವನ್ನು ನೋಡಿ: ಇಂದು ಫ್ಲೀಸ್ ಎಂದರೆ ಮನುಷ್ಯನ ಬದುಕು 28 ಮತ್ತು 23 ದಿನಗಳ ಆವರ್ತನೆಯಲ್ಲಿ ಸಾಗುತ್ತದೆ ಎಂಬ ಲೆಕ್ಕ ಹಿಡಿದು ಕೂತ ಒಬ್ಬ ವಿಚಿತ್ರ ಮನುಷ್ಯ. ಇಂಥವನಲ್ಲಿ ಫ್ರಾಯ್ಡ್ ಏನು ಕಂಡರು ಎಂದು ಎಲ್ಲರೂ ಕೇಳುತ್ತಾರೆ. ಫ್ಲೀಸ್ ಏನು ಕೇಳಿದರು, ಎಲ್ಲಿ ತಿದ್ದಿದರು, ಯಾವ ಊಹೆಯನ್ನು ಕೊಟ್ಟರು ಎಂಬುದು ಫ್ರಾಯ್ಡ್ ಅವರ ಉತ್ತರಗಳಲ್ಲಿ ನೆರಳಾಗಿ ಮಾತ್ರ ಸಿಗುತ್ತದೆ. ತಮ್ಮನ್ನು ಮುಚ್ಚಿಕೊಳ್ಳಬಯಸಿದವರ ಒಂದೊಂದು ಸಾಲೂ ಉಳಿಯಿತು, ಎದುರಿನವರು ಮೂಕರಾದರು.

ಇದಕ್ಕೆ ಪ್ರತಿಯಾಗಿ, ಎರಡೂ ಕಡೆ ಉಳಿದಿರುವ ಪತ್ರವ್ಯವಹಾರ ಓದುವ ಅನುಭವವೇ ಬೇರೆ. ಮೊದಲು ಆಪ್ತರಾಗಿದ್ದು ಆಮೇಲೆ ಮುನಿದು ದೂರವಾದ ಸ್ವಿಸ್ ಮನೋವೈದ್ಯ ಯುಂಗ್ ಅವರೊಂದಿಗಿನ ಸುಮಾರು 360 ಪತ್ರಗಳ ವಿಷಯದಲ್ಲಿ ಹಾಗಾಯಿತು. 1970ರ ಫೆಬ್ರವರಿಯಲ್ಲಿ ಫ್ರಾಯ್ಡ್ ಅವರ ಮಗ ಅರ್ನ್ಸ್ಟ್ ಮತ್ತು ಯುಂಗ್ ಅವರ ಮಗ ಫ್ರಾನ್ಜ್ ಲಂಡನ್ನಿನಲ್ಲಿ ಭೇಟಿಯಾಗಿ ತಂತಮ್ಮ ಮನೆಯ ಕಟ್ಟುಗಳನ್ನು ಅದಲುಬದಲು ಮಾಡಿಕೊಂಡರು. ತಂದೆಯರು ಮಾತು ಬಿಟ್ಟು ಐವತ್ತು ವರ್ಷ ಮೀರಿತ್ತು; ಮಕ್ಕಳಿಬ್ಬರೂ ವಾಸ್ತುಶಿಲ್ಪಿಗಳು, ಹಳೆಯ ಜಗಳದಲ್ಲಿ ಆಸಕ್ತಿ ಇದ್ದಂತಿಲ್ಲ. 1974ರಲ್ಲಿ ಗ್ರಂಥ ಬಂತು.

ಆ ಗ್ರಂಥದಲ್ಲಿ ಇಬ್ಬರು ಗಂಡಸರು ಸಬೀನಾ ಸ್ಪೀಲ್‌ರೈನ್ ಎಂಬ ಮೂರನೆಯವರ ಕುರಿತು ಮಾತಾಡಿಕೊಳ್ಳುತ್ತಾರೆ. ಈಕೆ ರಷ್ಯಾದ ರಸ್ತೋವ್ ನಗರದವರು, 1904ರಲ್ಲಿ ಜ್ಯೂರಿಕ್ಕಿನ ಆಸ್ಪತ್ರೆಗೆ ಯುಂಗ್ ಅವರ ರೋಗಿಯಾಗಿ ಬಂದು, ಅಲ್ಲೇ ವೈದ್ಯಕೀಯ ಓದಿ, ಸ್ವತಃ ವಿಶ್ಲೇಷಕಿಯಾದವರು. ಆಗಿನವರೆಗೆ ಇತಿಹಾಸದಲ್ಲಿ ಈಕೆಯ ಸ್ಥಾನ ಫ್ರಾಯ್ಡ್ ಅವರದೊಂದು ಅಡಿಟಿಪ್ಪಣಿ. 1977ರಲ್ಲಿ ಜಿನೀವಾದ ವಿಲ್ಸನ್ ಅರಮನೆಯ ನೆಲಮಾಳಿಗೆಯಲ್ಲಿ, ಹಿಂದೆ ಮನೋವಿಜ್ಞಾನ ಸಂಸ್ಥೆಯಿದ್ದ ಕಟ್ಟಡದಲ್ಲಿ, ಈಕೆಯ ದಿನಚರಿಯೂ ಇಬ್ಬರೊಂದಿಗಿನ ಪತ್ರಗಳೂ ಸಿಕ್ಕವು. ಯುಂಗ್ ಮತ್ತು ಫ್ರಾಯ್ಡ್ ತಮ್ಮೊಳಗೆ ಒಂದು ಪ್ರಕರಣವೆಂಬಂತೆ ಇತ್ಯರ್ಥ ಮಾಡಿದ್ದ ಹುಡುಗಿ, ಅದೇ ತಿಂಗಳುಗಳಲ್ಲಿ ಅವರಿಬ್ಬರ ನಡುವಿನ ಬಿರುಕನ್ನು ಅವರಿಗಿಂತ ಸ್ಪಷ್ಟವಾಗಿ ಕಂಡಿದ್ದಳು ಎಂದು ಆಗ ಗೊತ್ತಾಯಿತು. 1923ರಲ್ಲಿ ಈಕೆ ರಷ್ಯಾಕ್ಕೆ ಮರಳಿದರು. ಕಾಗದಗಳು ಜಿನೀವಾದಲ್ಲೇ ಉಳಿದವು. 1942ರಲ್ಲಿ ನಾಜಿಗಳು ರಸ್ತೋವ್‌ನಲ್ಲಿ ಈಕೆಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕೊಂದರು. ಬಿಟ್ಟುಬಂದದ್ದರಿಂದಲೇ ಕಾಗದಗಳು ಉಳಿದವೆನ್ನಬೇಕು.

ನಮ್ಮ ದೇಶಕ್ಕೆ ಸಂಬಂಧಿಸಿದ ಪತ್ರವ್ಯವಹಾರವೂ ಒಂದಿದೆ, ಅದೂ ಎರಡೂ ಕಡೆಯದು. ಕಲ್ಕತ್ತದ ವೈದ್ಯ ಗಿರೀಂದ್ರಶೇಖರ ಬೋಸ್ ದಮನದ, ಅಂದರೆ ಬೇಡದ ಆಸೆಗಳನ್ನು ಮನಸ್ಸು ಒಳಕ್ಕೆ ಅದುಮಿಡುವ ಕ್ರಿಯೆಯ, ಪರಿಕಲ್ಪನೆಯ ಮೇಲೆ ಬರೆದ ತಮ್ಮ ಗ್ರಂಥವನ್ನು ಫ್ರಾಯ್ಡ್ ಅವರಿಗೆ ಕಳಿಸಿದ್ದರಿಂದ ಇದು ಶುರುವಾಯಿತು. 1922ರಲ್ಲಿ ಬೋಸ್ ಭಾರತೀಯ ಮನೋವಿಶ್ಲೇಷಣಾ ಸಂಘವನ್ನು ಕಟ್ಟಿದರು. ಅದೇ ವರ್ಷ, ಫ್ರಾಯ್ಡ್ ಅವರನ್ನು ನೋಡಿಯೇ ಇರದ ಕಲಾವಿದ ಜತೀಂದ್ರ ಕುಮಾರ್ ಸೇನ್ ಕಲ್ಪನೆಯಿಂದ ಬರೆದ ಅವರ ಚಿತ್ರವನ್ನು ಕಳಿಸಿ, ಹೋಲಿಸಿ ನೋಡಲು ಭಾವಚಿತ್ರವೊಂದನ್ನು ಕೇಳಿದರು. ಚಿತ್ರ ಬಹಳ ಚೆನ್ನಾಗಿದೆ, ನನಗೆ ಮಿತಿಮೀರಿ ಚೆನ್ನಾಗಿದೆ, ಕಲಾವಿದರು ಕೆಲವು ಜನಾಂಗೀಯ ಲಕ್ಷಣಗಳನ್ನು ಗಮನಿಸಿಲ್ಲ ಎಂದು ಫ್ರಾಯ್ಡ್ ಉತ್ತರಿಸಿದರು. ಗೆಳತಿ ಲೂ ಆಂಡ್ರಿಯಾಸ್ ಸಲೋಮೆಗೆ ಬರೆಯುವಾಗ ಮಾತ್ರ, ತಮ್ಮನ್ನು ಅಪ್ಪಟ ಇಂಗ್ಲಿಷರನ್ನಾಗಿ ಮಾಡಿದ್ದಾರೆಂದು ನಕ್ಕರು. 1931ರಲ್ಲಿ ಎಪ್ಪತ್ತೈದನೇ ಹುಟ್ಟುಹಬ್ಬಕ್ಕೆಂದು ಸಂಘ ಕಳಿಸಿದ ದಂತದ ವಿಷ್ಣುಮೂರ್ತಿಗೆ ತಮ್ಮ ಮೇಜಿನ ಮೇಲೆ ಗೌರವದ ಜಾಗ ಕೊಟ್ಟಿದ್ದೇನೆ ಎಂದು ಧನ್ಯವಾದ ಬರೆದರು, ಮನೋವಿಶ್ಲೇಷಣೆ ಪರದೇಶಗಳನ್ನು ಗೆದ್ದದ್ದನ್ನು ಅದು ನೆನಪಿಸುತ್ತದೆ ಎಂದೂ ಸೇರಿಸಿದರು. ಗೆಲುವಿನ ಈ ಮಾತನ್ನಷ್ಟೇ ಓದಿದವರು ಬೋಸ್ ಅವರನ್ನು ದೂರದ ಒಬ್ಬ ಭಕ್ತನೆಂದು ತಿಳಿದಾರು. ಆದರೆ ಬೋಸ್ ಅವರ ಕಾಗದಗಳೂ ಇವೆ. ಈಡಿಪಸ್ ವಿಷಯದಲ್ಲಿ ತಾವು ಫ್ರಾಯ್ಡ್ ಅವರಿಂದ ಭಿನ್ನವಾಗಿ ಯೋಚಿಸುವುದಾಗಿ 1929ರಲ್ಲಿ ಅವರು ನೇರವಾಗಿ ಬರೆದರು, ತಮ್ಮ ಪ್ರಬಂಧಗಳನ್ನೂ ಜೊತೆಗಿಟ್ಟರು. ಫ್ರಾಯ್ಡ್ ಸೌಜನ್ಯದಿಂದಲೇ ಒಪ್ಪದೆ ಉಳಿದರು. ಕಲ್ಕತ್ತದ ಸಂಘವೇ ಮುಂದೆ ಈ ಪತ್ರಗಳನ್ನು ಒಂದು ಪುಟ್ಟ ಪುಸ್ತಕವಾಗಿ ಅಚ್ಚುಹಾಕಿಸಿತು.

ಲೈಬ್ರರಿ ಆಫ್ ಕಾಂಗ್ರೆಸ್ 2017ರಲ್ಲಿ ತನ್ನಲ್ಲಿರುವ ಫ್ರಾಯ್ಡ್ ಸಂಗ್ರಹವನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡುವಂತೆ ಇಟ್ಟಿತು. ಹಳೆಯ ಗಡುವುಗಳಲ್ಲಿ ಬಹುಪಾಲು ಕಳೆದಿವೆ, ಇಲ್ಲವೇ ಸಡಿಲಗೊಂಡಿವೆ. ನೋಡುವುದು ಸುಲಭವಾಯಿತು, ಓದುವುದು ಆಗಲಿಲ್ಲ; ಫ್ರಾಯ್ಡ್ ಬಳಸಿದ ಹಳೆಯ ಜರ್ಮನ್ ಮೋಡಿ ಅಕ್ಷರ ಇಂದಿನ ಬಹುತೇಕ ಜರ್ಮನ್ನರಿಗೂ ಬಾರದು.

ಉಪನ್ಯಾಸ ಮುಗಿದ ಮೇಲೆ ಸಭಿಕರೊಬ್ಬರು, ಇನ್ನೊಬ್ಬರ ಪ್ರೇಮಪತ್ರ ಓದುವ ಹಕ್ಕು ನಮಗೆ ಯಾರು ಕೊಟ್ಟರು ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ನಿಶ್ಚಿತಾರ್ಥದ ನಾಲ್ಕು ವರ್ಷಗಳಲ್ಲಿ, 1882ರಿಂದ 1886ರವರೆಗೆ, ಫ್ರಾಯ್ಡ್ ಮತ್ತು ಮಾರ್ಥಾ ನಡುವೆ ಓಡಾಡಿದ ಪತ್ರಗಳು ಸುಮಾರು 1,500. ಗಂಡ ತೀರಿಕೊಂಡ ಮೇಲೆ ಮಾರ್ಥಾ ಅವನ್ನು ಸುಡಬೇಕೆಂದಿದ್ದರು, ಮಕ್ಕಳು ಬೇಡವೆಂದು ತಡೆದರು. ಜೋನ್ಸ್ ಅವುಗಳನ್ನು ಓದಿ ಕಥೆ ಬರೆದರು, ಆಯ್ದ ಕೆಲವು ಅಚ್ಚಾದವು. ಅಚ್ಚಾದವೆಲ್ಲ ಫ್ರಾಯ್ಡ್ ಬರೆದವು, ಆದ್ದರಿಂದ ಅರ್ಧ ಶತಮಾನ ಲೋಕ ಕಂಡದ್ದು ಫ್ರಾಯ್ಡ್ ಕಂಡ ಮಾರ್ಥಾ: ಪುಟ್ಟ ರಾಜಕುಮಾರಿ, ತಿದ್ದಬೇಕಾದ ಹುಡುಗಿ. ಉಳಿದವು 2000ದವರೆಗೆ ಮುಚ್ಚಿದ್ದವು. 2011ರಿಂದ ಜರ್ಮನಿಯಲ್ಲಿ ಐದು ಸಂಪುಟಗಳಾಗಿ ಅವು ಬರತೊಡಗಿದವು, ಈ ಸಲ ಮಾರ್ಥಾ ಬರೆದ ಉತ್ತರಗಳ ಸಮೇತ. ನಾನು ಆ ಸಭಿಕರಿಗೆ ಹೇಳಿದ್ದು ಇಷ್ಟೇ: ಅವರ ಪತ್ರ ಓದುವುದು ತಪ್ಪೆಂದಾದರೆ ಆ ತಪ್ಪು ಜೋನ್ಸ್ ಕಾಲದಲ್ಲೇ ಆಗಿಹೋಗಿದೆ, ಈಗ ಆಗಿರುವ ವ್ಯತ್ಯಾಸವೆಂದರೆ ಆಕೆಗೆ ಉತ್ತರ ಕೊಡುವ ಅವಕಾಶ ಸಿಕ್ಕಿದೆ.